ಅಡ್ಡ ಓಣಿಯ ಹಾಸು

ಲುಂಗಿ ಬಿಚ್ಚಬೇಕಾಗಿತ್ತು, ಅಷ್ಟೇ. ಉಳಿದವರೆಲ್ಲ ಆಗಲೇ ಚಡ್ಡಿಯಲ್ಲಿ ನಿಂತಿದ್ದರು. ಮಲ್ಲಸಮುದ್ರದ ಕೆರೆಯ ಏರಿಯ ಮೇಲೆ ಕಾಲೇಜಿನ ಹುಡುಗರು ಚಳಿಗೆ ಅಂಗೈ ಉಜ್ಜಿಕೊಳ್ಳುತ್ತ, ಒಬ್ಬರ ಬೆನ್ನಿಗೊಬ್ಬರು ಗುದ್ದುತ್ತ, ಯಾರದೋ ಹೆಸರು ಹಿಡಿದು ನಗುತ್ತ ಇದ್ದರು. ಮಲಂಗಸಾಬನೊಬ್ಬನೇ ಜಾಲಿಗಿಡದ ಮರೆಯಲ್ಲಿ ಲುಂಗಿಯ ಗಂಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಒಳಗೆ ಚಡ್ಡಿ ಇತ್ತು, ಇದಕ್ಕೆಂದೇ ಬೆಟಗೇರಿಯ ಸಂತೆಯಲ್ಲಿ ಕೊಂಡ ನೀಲಿ ಚಡ್ಡಿ. ಕೊಳ್ಳುವಾಗ ಮಾರುವವ ಮಗನ ವಯಸ್ಸೆಷ್ಟು ಎಂದು ಕೇಳಿದ್ದ. ಮಲಂಗಸಾಬ ಬಾಯಿಗೆ ಬಂದದ್ದೊಂದು ಹೇಳಿದ್ದ. ಮಕ್ಕಳಿಲ್ಲದವನಿಗೆ ಅಂಥ ಸುಳ್ಳು ಹೇಳಲು ಕಷ್ಟವೇನಿಲ್ಲ. ಈಗ ಆ ಚಡ್ಡಿಯಲ್ಲಿ ಹೊರಗೆ ಬರಬೇಕು. ಚಡ್ಡಿಯದೂ ದೊಡ್ಡ ಮಾತಲ್ಲ, ಕಷ್ಟ ಕಾಲುಗಳದು. ಮೊಳಕಾಲಿನಿಂದ ಕೆಳಗೆ ಅವನ ಕಾಲು ಬಿಳುಚಿಕೊಂಡಿತ್ತು, ಹಸಿರು ನರಗಳು ಎದ್ದು ಕಾಣುತ್ತಿದ್ದವು. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಬಾಳಿದವನ ಕಾಲು ಬಿಸಿಲು ಕಂಡಿರುವುದಿಲ್ಲ. ಮುಖ ಒಬ್ಬನದು, ಕಾಲು ಇನ್ನೊಬ್ಬನದು ಎಂಬಂತೆ ಇರುತ್ತದೆ. ಅದನ್ನು ಹೆಂಡತಿ ಬಿಟ್ಟು ಮತ್ತಾರೂ ನೋಡಿರಲಿಲ್ಲ. ವ್ಯಾಯಾಮ ಶಾಲೆಯ ಉಳವಪ್ಪ ಮಾಸ್ತರರು ಸೀಟಿ ಊದಿ ಎಲ್ಲರೂ ನೀರಿನ ಹತ್ತಿರ ಬರಬೇಕೆಂದು ಕೂಗಿದಾಗ ಅವನು ಕಣ್ಣು ಮುಚ್ಚಿ ಗಂಟು ಬಿಚ್ಚಿದ. ಹುಡುಗರಲ್ಲಿ ಒಬ್ಬ ತಿರುಗಿ ನೋಡಿ, ಚಾಚಾ ನೀವು ಯಾರ ಅರಿವಿ ಕಾಯಾಕ ಬಂದೀರಿ ಎಂದು ಕೇಳಿದ. ಅವನಿಗೆ ಗೇಲಿ ಮಾಡುವ ಉದ್ದೇಶ ಇದ್ದಂತಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದ. ಮಲಂಗಸಾಬ ಎದೆಯ ಮೇಲಿನ ನಂಬರಿನ ಬಟ್ಟೆಯನ್ನು ಸರಿಮಾಡಿಕೊಂಡ. ಪಿನ್ನು ಬನಿಯನ್ನಿನ ತೂತಿನಲ್ಲಿ ಸಿಕ್ಕಿಕೊಂಡಿತ್ತು.

ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ, ಮೂರೂ ಒಂದೇ ದಮ್ಮಿನಲ್ಲಿ. ಇಂಥದೊಂದು ಪಂದ್ಯ ಪರದೇಶದಲ್ಲಿ ನಡೆಯುತ್ತದೆಂದು ಮಾಸ್ತರರು ಯಾವುದೋ ಮಾಸಪತ್ರಿಕೆಯಲ್ಲಿ ಓದಿ, ನಮ್ಮ ಗದಗ-ಬೆಟಗೇರಿಯೇನು ಕಡಿಮೆ ಎಂದು ವ್ಯಾಯಾಮ ಶಾಲೆಯ ಹುಡುಗರನ್ನು ಹುರಿದುಂಬಿಸಿದ್ದರು. ಅದು ಮಲಂಗಸಾಬನಿಗೆ ಸಂಬಂಧವಿಲ್ಲದ ಸುದ್ದಿ. ಆದರೆ ಹೋದ ಬೇಸಿಗೆಯಲ್ಲಿ ಓಣಿಯ ಬಾವಿಗೆ ಬಿದ್ದ ಹೋರಿಗರುವನ್ನು ಅವನು ನೀರಿಗೆ ಹಾರಿ ಹಗ್ಗ ಕಟ್ಟಿ ಎತ್ತಿಸಿದಾಗ ಮಾಸ್ತರರು ಅಲ್ಲೇ ನಿಂತಿದ್ದರು. ಆ ಹೊತ್ತಿನಿಂದ ಸಿಕ್ಕಲ್ಲೆಲ್ಲ ಹೆಗಲ ಮೇಲೆ ಕೈ ಹಾಕುತ್ತಿದ್ದರು. ವ್ಯಾಯಾಮ ಶಾಲೆಯವರು ಹೊಸದಾಗಿ ಈಜುಕೊಳ ಕಟ್ಟಿಸುತ್ತಿದ್ದಾರೆ, ಕಾಯಲು ಒಬ್ಬ ಆಳು ಬೇಕು, ಪಗಾರದ ಕೆಲಸ. ಕಮಿಟಿಯವರು ನೇಕಾರನನ್ನು ಯಾಕೆ ತಗೊಳ್ಳಬೇಕು ಎಂದು ಕೇಳುತ್ತಾರೆ. ಪಂದ್ಯದಲ್ಲಿ ಮೊದಲ ಮೂವರೊಳಗೆ ಬಾ, ಆಗ ಅವರ ಬಾಯಿ ಮುಚ್ಚಿಸುವುದು ನನ್ನ ಕೆಲಸ ಎಂದಿದ್ದರು ಮಾಸ್ತರರು. ಆ ರಾತ್ರಿ ಮಲಂಗಸಾಬನಿಗೆ ನಿದ್ದೆ ಹತ್ತಿರಲಿಲ್ಲ. ನೀರಿನ ದಂಡೆಗೆ ಒಂದು ಸ್ಟೂಲು, ಅದರ ಮೇಲೆ ತಾನು, ಕಾಲು ನೆಲದ ಮೇಲೆ, ತಲೆಯ ಮೇಲೆ ಆಕಾಶ. ಅಷ್ಟೇ ಅವನ ಕಣ್ಣಿಗೆ ಕಟ್ಟಿದ್ದು. ಇನ್ನು ಆ ಕುಣಿಗೆ ಇಳಿಯಬೇಕಾಗಿಲ್ಲ. ಮುಂಜಾನೆ ಎದ್ದು, ನೆಲದ ಮಟ್ಟಕ್ಕೆ ಸೊಂಟ ಇಟ್ಟು, ಎದುರಿಗೆ ಹೋಗುವವರ ಪಾದಗಳನ್ನಷ್ಟೇ ಕಾಣುತ್ತ ಲಾಳಿ ಒಗೆಯಬೇಕಾಗಿಲ್ಲ. ಆಸೆ ಇಷ್ಟು ಸಣ್ಣದಿದ್ದರೆ ದೇವರಿಗೂ ಕೊಡಲು ಹಗುರಾದೀತು ಎಂದುಕೊಂಡಿದ್ದ.

ನೀರು ಮೈಗೆ ತಾಗಿದಾಗ ಉಸಿರು ಕಟ್ಟಿತು. ಹುಡುಗರು ಮುಖ ನೀರೊಳಗೆ ಹುದುಗಿಸಿ, ತೋಳು ಎತ್ತಿ ಎತ್ತಿ ಹಾಕುತ್ತ, ಕಲಿತ ಈಜು ಈಜುತ್ತಿದ್ದರು. ಮಲಂಗಸಾಬನದು ಬಾವಿಯ ಈಜು. ತಲೆ ನೀರಿನ ಮೇಲೆ, ಕೈ ಒಳಗೆ, ಕಾಲಿನ ಬಡಿತ ಜಾಸ್ತಿ. ಬಾವಿಯಲ್ಲಿ ಎಲ್ಲಿ ನೋಡಿದರೂ ಗೋಡೆ ಇರುತ್ತದೆ, ಸಾಕಾದರೆ ಹಿಡಿದು ನಿಲ್ಲಬಹುದು. ಇಲ್ಲಿ ನಡುವೆ ಹಿಡಿಯಲು ಏನೂ ಇಲ್ಲ. ಎಡಗಡೆ ಬಟ್ಟೆ ಒಗೆಯಲು ಬಂದ ಹೆಂಗಸರು ಕಲ್ಲಿನ ಮೇಲೆ ಸೀರೆ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಅವರು ನೋಡುತ್ತಿರುವುದು ತನ್ನನ್ನೇ ಎಂದು ಅವನಿಗೆ ಖಾತ್ರಿಯಾಗಿತ್ತು. ಒಮ್ಮೆ ಹಿಂಗೇ ಎಲ್ಲರೂ ನೋಡುತ್ತ ನಿಂತದ್ದು ಅಪ್ಪ ಕರೀಮಸಾಬನನ್ನು. ಮಣ್ಣು ಮಾಡುವ ಮುಂಚೆ ಹಲಗೆಯ ಮೇಲೆ ಮಲಗಿಸಿ ಮೈ ತೊಳೆಯುವಾಗ ಮಲಂಗಸಾಬನ ಪಾಲಿಗೆ ಕಾಲುಗಳು ಬಂದಿದ್ದವು. ಮೊಳಕಾಲಿನ ಕೆಳಗೆ ಅದೇ ಬಿಳುಪು, ಹಿಮ್ಮಡಿಯಲ್ಲಿ ಮಗ್ಗದ ಹಲಗೆ ತುಳಿದು ತುಳಿದು ಕಟ್ಟಿದ ಗಂಟು. ತೊಳೆಯುತ್ತಿದ್ದ ಹಿರಿಯ ಒಬ್ಬ, ನೇಕಾರನ ಕಾಲು ಮೊದಲೇ ಮಣ್ಣು ಸೇರಿರುತ್ತದೆ ಎಂದು ಮೆಲ್ಲಗೆ ಅಂದಿದ್ದ. ಆಗ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು, ಈಗಲೂ ಅದು ಹೋಗಿಲ್ಲ. ಬಾಯಿಗೆ ನೀರು ನುಗ್ಗಿತು. ಕೆಮ್ಮಿದ. ಮಾಸ್ತರರು ದಂಡೆಯಿಂದ, ತೆಲಿ ಎತ್ತು ಮಲಂಗಾ ಎಂದು ಕೂಗಿದ್ದು ಕೇಳಿಸಿತು. ಅವನ ತಲೆ ಎತ್ತಿಯೇ ಇತ್ತು. ಆಚೆಯ ದಂಡೆಯ ಕೆಸರಿಗೆ ಪಾದ ತಾಗಿದಾಗ ಮುಂದೆ ಅರ್ಧಕ್ಕರ್ಧ ಜನ ಹೋಗಿದ್ದರು, ಹಿಂದೆಯೂ ಅಷ್ಟೇ ಜನ ಇದ್ದರು. ಅವನಿಗೆ ಆಶ್ಚರ್ಯವಾಯಿತು. ತಾನು ಕೊನೆಯವನಲ್ಲ ಎಂಬುದೇ ಒಂದು ಹೆದರಿಕೆಯಾಗಿ ಮೈಯೊಳಗೆ ಇಳಿಯಿತು.

ಸೈಕಲ್ ಗೆಳೆಯ ಖಾಜಾಸಾಬನದು. ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟುಕೊಂಡ ಅವನು, ಬಾಡಿಗೆಗೆ ಬಿಡದೆ ತಾನೇ ಓಡಾಡಲು ಇಟ್ಟುಕೊಂಡದ್ದನ್ನು ಎಣ್ಣೆ ಹಾಕಿ, ಮಡ್‌ಗಾರ್ಡು ಬಿಚ್ಚಿ ಕೊಟ್ಟಿದ್ದ. ಕೊಡುವಾಗ ಒಂದೇ ಮಾತು ಕೇಳಿದ್ದ, ಮನೆಯಲ್ಲಿ ಹೇಳೀಯೇನು ಎಂದು. ಮಲಂಗಸಾಬ ಹೂಂ ಎಂದಿದ್ದ. ಹೇಳಿರಲಿಲ್ಲ. ಹೆಂಡತಿ ದಾವಲಬಿ ನಗುತ್ತಾಳೆಂದಲ್ಲ. ಅವಳು ನಗುವವಳಲ್ಲ. ಹೇಳಿದರೆ ನಂಬುತ್ತಾಳೆ, ಅದೇ ಭಯ. ಅವಳಿಗೆ ಒಮ್ಮೆ ಹೇಳಿಬಿಟ್ಟರೆ ಅದು ಆಗಲೇ ಬೇಕಾದದ್ದಾಗಿಬಿಡುತ್ತದೆ. ಹಿಂದೆ ಹುಬ್ಬಳ್ಳಿಯ ಗಿರಣಿಯಲ್ಲಿ ಕೆಲಸ ಸಿಗುತ್ತದೆಂದು ಹೇಳಿದಾಗ ಅವಳು ಪಾತ್ರೆಗಳನ್ನು ಚೀಲಕ್ಕೆ ತುಂಬಿ ಕಟ್ಟಿ, ಕೆಲಸ ಸಿಗಲಿಲ್ಲವೆಂದು ತಿಳಿದ ಮೇಲೂ ಬಹಳ ದಿನ ಬಿಚ್ಚಿರಲಿಲ್ಲ. ಬೇಕಾದ ತಪ್ಪೇಲಿಯೊಂದನ್ನು ಚೀಲದ ಬಾಯಿಂದ ತೆಗೆದು, ಅಡುಗೆಯಾದ ಮೇಲೆ ತೊಳೆದು ಮತ್ತೆ ಒಳಗಿಡುತ್ತಿದ್ದಳು. ಅದಕ್ಕೇ ಈ ಸಲ ಬಾಯಿ ಬಿಟ್ಟಿರಲಿಲ್ಲ. ಮುಂಜಾನೆ ಕತ್ತಲಿರುವಾಗ ಎದ್ದು ಬಾವಿಗೆ ಹೋಗುವುದನ್ನು ಅವಳು ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ಹಾಸಿನದೊಂದು ತೊಡಕಿತ್ತು. ಓಟದ ದಾರಿ ಬೆಟಗೇರಿಯ ಅಡ್ಡ ಓಣಿಯಿಂದ ಬಂದು ನೇಕಾರರ ಓಣಿಯನ್ನು ದಾಟಿ ಮೈದಾನಕ್ಕೆ ಹೋಗುತ್ತದೆ ಎಂದು ಗೊತ್ತಾದಾಗ ಮಾಸ್ತರರೇ ಹೇಳಿದ್ದರು, ಭಾನುವಾರ ಮುಂಜಾನೆ ಯಾರೂ ಓಣಿಯಲ್ಲಿ ಹಾಸು ಹಿಡಿಯದಂತೆ ನೀನೇ ಹೇಳಿಬಿಡು ಎಂದು. ಹಾಸು ಹಿಡಿಯುವುದೆಂದರೆ ಸೀರೆಗೆ ಬೇಕಾದ ಉದ್ದನೆಯ ನೂಲನ್ನೆಲ್ಲ ಓಣಿಯ ಆ ತುದಿಯಿಂದ ಈ ತುದಿಗೆ ಬಿಗಿದು, ಅಲ್ಲಲ್ಲಿ ಎರಡೆರಡು ಬಿದಿರಿನ ಕತ್ತರಿಗಾಲು ಊರಿ, ಗಂಜಿ ಹಚ್ಚಿ ಕುಂಚದಿಂದ ತೀಡಬೇಕು. ಬಿಸಿಲು ಏರುವುದರೊಳಗೆ ಮುಗಿಯಬೇಕು. ನಾಲ್ಕಾರು ಮನೆಯವರು ಕೈ ಹಚ್ಚದಿದ್ದರೆ ಆಗದ ಕೆಲಸ. ಒಬ್ಬರ ಹಾಸು ಹಿಡಿಯಲು ಇನ್ನೊಬ್ಬರು ಬರುತ್ತಾರೆ, ಜಾತಿ ಕೇಳುವುದಿಲ್ಲ, ಕೂಲಿಯೂ ಇಲ್ಲ. ಓಣಿಗೆಲ್ಲ ಹೇಳಬೇಕಾದರೆ ಯಾಕೆ ಎಂದೂ ಹೇಳಬೇಕಾಗುತ್ತದೆ, ತಾನು ಚಡ್ಡಿ ಹಾಕಿಕೊಂಡು ಓಡುತ್ತೇನೆಂದು. ಮಲಂಗಸಾಬ ಯೋಚಿಸಿ ನೋಡಿದ. ಈ ವಾರ ಹಾಸು ತಯಾರಿದ್ದದ್ದು ಒಂದೇ ಮನೆಯದು, ಅವನದೇ. ಹಾಗಿದ್ದರೆ ಊರಿಗೆಲ್ಲ ಯಾಕೆ ಹೇಳಬೇಕು? ಭಾನುವಾರ ಬ್ಯಾಡ, ಸೋಮವಾರ ಹಿಡಿಯೋಣ ಎಂದು ದಾವಲಬಿಗೆ ಹೇಳಿದ. ಆಕೆ ಏನೋ ಹೇಳಲು ಬಾಯಿ ತೆರೆದಳು. ಅವನು ಲಗುಬಗೆಯಿಂದ ಹೊರಗೆ ಬಂದುಬಿಟ್ಟಿದ್ದ. ಮಾಸ್ತರರಿಗೆ, ಹೇಳೀನ್ರಿ, ಎಲ್ಲಾರಿಗೂ ಹೇಳೀನಿ ಎಂದ.

ಲಕ್ಷ್ಮೇಶ್ವರದ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ, ಕಲ್ಲಿನ ಹತ್ತಿರ ನಿಂತವನಿಗೆ ನಂಬರು ತೋರಿಸಿ, ತಿರುಗಿ ಗದಗಿನ ಮೇಲೆ ಹಾದು ಬೆಟಗೇರಿಗೆ ಬರಬೇಕು. ಪೆಡಲು ತುಳಿಯತೊಡಗಿದ ಮೇಲೆ ಮಲಂಗಸಾಬನ ಕಾಲುಗಳು ಅವನ ಮಾತು ಕೇಳುವುದನ್ನು ಬಿಟ್ಟು ತಮ್ಮ ಪಾಡಿಗೆ ತಾವು ನಡೆದವು. ಎಡಗಾಲು ಒತ್ತು, ಬಲಗಾಲು ಒತ್ತು; ಇದೇನು ಹೊಸದಲ್ಲ. ಅವನು ಒಬ್ಬನನ್ನು ದಾಟಿದ. ಇನ್ನೊಬ್ಬನ ಚೈನು ಕಳಚಿ ಬಿದ್ದಿತ್ತು, ಮತ್ತಿಬ್ಬರು ಟ್ಯೂಬು ಹೋಗಿ ಬೇವಿನ ಗಿಡದ ಕೆಳಗೆ ಸೈಕಲ್ ಒರಗಿಸಿ ಕೂತಿದ್ದರು. ಎರೆಹೊಲದಲ್ಲಿ ಜೋಳ ತೆನೆ ಹಿಡಿದಿತ್ತು, ಗಾಳಿ ಎದುರಿಗಿತ್ತು. ಬೆವರು ಹಣೆಯಿಂದ ಕಣ್ಣಿಗಿಳಿದು ಉರಿಯುತ್ತಿತ್ತು. ಅವನಿಗೆ ಸುಖವಾಗುತ್ತಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯಲು ಬರುವುದಿಲ್ಲ. ಬದುಕಿನಲ್ಲಿ ಮೊದಲ ಸಲ ಕಾಲು ತುಳಿದರೆ ಮೈ ಮುಂದಕ್ಕೆ ಹೋಗುತ್ತಿತ್ತು. ಕುಣಿಯೊಳಗೆ ಎಷ್ಟು ತುಳಿದರೂ ಇದ್ದಲ್ಲೇ ಇರುತ್ತಿದ್ದವನು ಈಗ ರಸ್ತೆಯ ಗಿಡಗಳನ್ನು ಹಿಂದೆ ಹಾಕುತ್ತಿದ್ದ. ಕಲ್ಲಿನ ಹತ್ತಿರ ನಿಂತವನು ನೀ ಆರನೆಯವ ಎಂದ. ತಿರುಗಿದ ಮೇಲೆ ಗಾಳಿ ಬೆನ್ನಿಗೆ ಬಂತು.

ಗದಗಿನ ಹತ್ತಿರ ಒಂದು ಚಕ್ಕಡಿ ಅಡ್ಡ ಬಂದು ನಿಧಾನವಾಗಬೇಕಾಯಿತು. ಚಕ್ಕಡಿಯ ಮೇಲಿದ್ದ ಮುದುಕ ಬದಿಗಿದ್ದವನಿಗೆ, ನಾಳಿ ಅಮಾಸಿ, ಎತ್ತು ಹೂಡೂದಿಲ್ಲ, ಏನಿದ್ರೂ ಇವತ್ತs ಮುಗಿಸಬೇಕು ಎಂದು ಹೇಳುತ್ತಿದ್ದ. ಮಲಂಗಸಾಬ ಚಕ್ಕಡಿ ದಾಟಿ ಮುಂದೆ ಬಂದ ಮೇಲೆ ಆ ಮಾತು ಅವನೊಳಗೆ ಹೊಕ್ಕಿತು. ನಾಳೆ ಅಮಾವಾಸ್ಯೆ. ನಾಳೆ ಸೋಮವಾರ. ಎದುರು ಮನೆಯ ಹುಚ್ಚವ್ವನ ಮನೆಯವರು, ಆಚೆ ಮನೆಯ ಸಾವಂತ್ರೆವ್ವನ ಮನೆಯವರು, ಅಮಾವಾಸ್ಯೆಯ ದಿನ ಹಾಸು ಮುಟ್ಟುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ ಸುಮ್ಮನೆ ಕೂಡುತ್ತಾರೆ. ಅವರು ಬರದಿದ್ದರೆ ಹಾಸು ಹಿಡಿಯುವವರು ಯಾರು? ಹುಟ್ಟಿದಾಗಿನಿಂದ ಆ ಓಣಿಯಲ್ಲಿ ಇದ್ದವನು ಇದನ್ನು ಮರೆತದ್ದು ಹೇಗೆ? ಶುಕ್ರವಾರದ ನಮಾಜು ಮರೆತಾನು, ಅಮಾವಾಸ್ಯೆ ಮರೆಯುವಂತಿಲ್ಲ. ದಾವಲಬಿ ಬಾಯಿ ತೆರೆದದ್ದು ಇದಕ್ಕೇ. ಗಂಜಿ ಕಾಸಿಟ್ಟಿದ್ದಾಳೆ, ಎರಡು ದಿನ ಇಟ್ಟರೆ ಹುಳಿಯಾಗುತ್ತದೆ. ಗಂಡನಿಗೆ ನೆನಪಿಲ್ಲ, ನಾನೇ ಮುಗಿಸಿಬಿಡುತ್ತೇನೆ ಎಂದು ಅವಳು ಇವತ್ತೇ ಹಿಡಿದಿರುತ್ತಾಳೆ, ಈಗ, ಈ ಗಳಿಗೆಯಲ್ಲಿ, ಓಣಿಯ ಉದ್ದಕ್ಕೂ. ಹೀಗೆಂದುಕೊಂಡಾಗ ಎದೆಯಲ್ಲಿ ಏನೋ ಸಡಿಲಾಯಿತು. ಗಾಬರಿ ಎಂದುಕೊಂಡ. ಗಾಬರಿಯಾದರೆ ಎದೆ ಬಿಗಿಯುತ್ತದೆ, ಸಡಿಲಾಗುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಅವನು ಇನ್ನಷ್ಟು ಜೋರಾಗಿ ತುಳಿದ, ಸ್ಟೇಶನ್ ದಾಟುವುದರೊಳಗೆ ಮತ್ತಿಬ್ಬರನ್ನು ಹಿಂದೆ ಹಾಕಿದ.

ಬೆಟಗೇರಿಯಲ್ಲಿ ಸೈಕಲ್ ಇಳಿದಾಗ ಕಾಲು ನೆಲಕ್ಕೆ ಹತ್ತಲಿಲ್ಲ. ಖಾಜಾಸಾಬ ಓಡಿಬಂದು ಹ್ಯಾಂಡಲ್ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ಮುಂದ ಮೂರs ಮಂದಿ ಅದಾರ. ಅದ್ರಾಗ ಒಬ್ಬ ಕುಂಟಾಕತ್ಯಾನ. ಓಡ್ ಲೇ" ಎಂದ. ಮಲಂಗಸಾಬ ಓಡಿದ. ಓಡುವುದೆಂದರೇನು, ಒಂದು ಕಾಲಿನ ಮುಂದೆ ಇನ್ನೊಂದನ್ನು ಎತ್ತಿ ಇಡುವುದು, ಸಂದಿನಲ್ಲಿ ಉಸಿರು ಹುಡುಕುವುದು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತವರು ಗುರುತು ಹಿಡಿದು, ಅರೆ ಕರೀಮನ ಮಗ ಎಂದದ್ದು ಕೇಳಿಸಿತು. ಯಾರೋ ಚಪ್ಪಾಳೆ ಹೊಡೆದರು, ಯಾರೋ ನಕ್ಕರು. ಎರಡೂ ಒಂದೇ ತರಹ ಕೇಳಿಸಿದವು. ಚಡ್ಡಿ ಒದ್ದೆಯಾಗಿ ತೊಡೆಗೆ ತಿಕ್ಕಿ ಉರಿಯುತ್ತಿತ್ತು. ಕುಂಟುತ್ತಿದ್ದ ಹುಡುಗ ನಲ್ಲಿಯ ಹತ್ತಿರ ಮೀನಖಂಡ ಹಿಡಿದುಕೊಂಡು ಕೂತುಬಿಟ್ಟಿದ್ದ. ಈಗ ಮುಂದೆ ಇದ್ದವರು ಇಬ್ಬರೇ. ಹಿಂದಿನವರು ದೂರ ಇದ್ದರು, ಅವರ ಹೆಜ್ಜೆಯ ಸಪ್ಪಳ ಕೇಳಿಸುವಷ್ಟು ಹತ್ತಿರ ಯಾರೂ ಇರಲಿಲ್ಲ. ತಾನು ಮೂರನೆಯವ. ಅಡ್ಡ ಓಣಿ ಹೊಕ್ಕ. ಅದರ ಕೊನೆಗೆ ನೇಕಾರರ ಓಣಿ, ಅದನ್ನು ದಾಟಿದರೆ ಮೈದಾನ, ಮೈದಾನದಲ್ಲಿ ಮಾಸ್ತರರು.

ಹಾಸು ಇತ್ತು. ಬೆಳಗಿನ ಬಿಸಿಲಿನಲ್ಲಿ ಹಸಿ ನೂಲು ಓಣಿಯ ಉದ್ದಕ್ಕೂ ಮಿಂಚುತ್ತಿತ್ತು, ಸೊಂಟದ ಎತ್ತರಕ್ಕೆ, ಅಡ್ಡ ಓಣಿಯ ಬಾಯಿಗೆ, ಓಟದ ದಾರಿಗೆ ಅಡ್ಡವಾಗಿ. ಮುಂದಿನ ಇಬ್ಬರು ಹುಡುಗರು ಕೆಳಗೆ ನುಸುಳಿ ಹೋಗಿರಬೇಕು, ಹುಚ್ಚವ್ವ ಕುಂಚ ಎತ್ತಿ ಆ ದಿಕ್ಕಿಗೆ ಬೈಯುತ್ತಿದ್ದಳು. ಮಲಂಗಸಾಬನ ಕಾಲು ನಿಂತಿತು. ಅವನು ನಿಲ್ಲಿಸಲಿಲ್ಲ, ಅದೇ ನಿಂತಿತು. ಎಂಟು ವರ್ಷದವನಿದ್ದಾಗ ಗಾಳಿಪಟದ ಹಿಂದೆ ಓಡುತ್ತ ಬಂದು ಹಿಂಗೇ ಹಿಡಿದ ಹಾಸಿನ ಕೆಳಗೆ ನುಗ್ಗಿದ್ದ. ಅಪ್ಪ ಕುಂಚವನ್ನು ಮೆಲ್ಲಗೆ ಕೆಳಗಿಟ್ಟು, ಕೈ ಒರೆಸಿಕೊಂಡು, ಹತ್ತಿರ ಬಂದು ಕೆನ್ನೆಗೆ ಹೊಡೆದಿದ್ದ. ಆಮೇಲೆ ಮತ್ತೆ ಕೈ ತೊಳೆದುಕೊಂಡು ಕುಂಚ ಎತ್ತಿಕೊಂಡಿದ್ದ. ಬೈದಿರಲಿಲ್ಲ. ಅಪ್ಪ ಹೊಡೆದದ್ದು ಅದೊಂದೇ ಸಲ. ಹಸಿ ಹಾಸಿನ ನೂಲಿಗೆ ತಲೆ ತಾಗಬಾರದು, ಉಸಿರು ತಾಗಬಾರದು, ಅದರ ಕೆಳಗೆ ಹಾಯಬಾರದು, ಮೇಲೆ ದಾಟಬಾರದು. ಓಣಿಯ ನಾಯಿಗಳು ಕೂಡ ಸುತ್ತು ಹಾಕಿ ಹೋಗುತ್ತವೆ. ಇದು ನಿಯಮ, ನಿಜ. ಆದರೆ ಅದು ಅಪ್ಪನ ನಿಯಮ, ಆ ಅಪ್ಪ ಮಣ್ಣಾಗಿ ಬಹಳ ವರ್ಷವಾಗಿತ್ತು.

ದಾವಲಬಿ ಅವನನ್ನು ನೋಡಿದಳು. ಚಡ್ಡಿ, ಬಿಳಿ ಕಾಲು, ಎದೆಯ ಮೇಲಿನ ನಂಬರು, ಎಲ್ಲ ನೋಡಿದಳು. ಅವಳ ಮುಖದಲ್ಲಿ ಬೆರಗು ಕಾಣಲಿಲ್ಲ. ಪಂದ್ಯದ ಸುದ್ದಿ ಗೊತ್ತಿತ್ತು ಅವಳಿಗೆ. ಖಾಜಾಸಾಬ ಹೇಳಿದ್ದನೋ, ಅವಳೇ ತಿಳಿದುಕೊಂಡಿದ್ದಳೋ. ದಾರಿ ಈ ಓಣಿಯ ಮೇಲೆ ಹಾಯುತ್ತದೆ ಎಂಬುದೊಂದು ಗೊತ್ತಿರಲಿಲ್ಲ, ಗೊತ್ತಿದ್ದರೆ ಹಾಸು ಹಿಡಿಯುತ್ತಿರಲಿಲ್ಲ. ಅವಳು ಕುಂಚವನ್ನು ಹುಚ್ಚವ್ವನ ಕೈಗೆ ಕೊಟ್ಟು, ದಾರಿಯ ನಡುವಿದ್ದ ಕತ್ತರಿಗಾಲಿನ ಎರಡೂ ಬಿದಿರನ್ನು ಕೈಗೆ ತೆಗೆದುಕೊಂಡು ತಲೆಯ ಮೇಲೆ ಎತ್ತಿ ಹಿಡಿದಳು. ಹಾಸು ನಡುವಿನಲ್ಲಿ ಮೇಲೆದ್ದಿತು. ಎರಡೂ ಕಡೆಯಿಂದ ಹಸಿ ನೂಲು ಜಾರಿ ನಡುವಿಗೆ ಬಂದು ಒಂದಕ್ಕೊಂದು ಅಂಟಿಕೊಳ್ಳತೊಡಗಿತು. ಸಾವಂತ್ರೆವ್ವ, ಏನು ಮಾಡಾಕತ್ತಿಯೇ ಎಂದು ಕೂಗಿದಳು.

"ಬರ್ರಿ" ಎಂದಳು ದಾವಲಬಿ. "ಕೆಳಗ ಹಾದು ಹೋಗ್ರಿ."

"ಇಳಸು. ಹಾಸು ಹಾಳಾಕ್ಕೈತಿ."

"ಆದ್ರ ಆಗ್ಲಿ. ಬರ್ರಿ."

ಓಣಿಯೆಲ್ಲ ಅವನನ್ನು ನೋಡುತ್ತಿತ್ತು. ಅವಳ ತೋಳಿನ ಕೆಳಗೆ ದೊಡ್ಡ ಬಾಗಿಲಿನಷ್ಟು ಜಾಗ ಇತ್ತು, ಬಾಗುವುದೂ ಬೇಕಾಗಿರಲಿಲ್ಲ. ಅದರಾಚೆ ಮೈದಾನದ ಬೇಲಿ ಕಾಣುತ್ತಿತ್ತು, ಮಾಸ್ತರರ ಬಿಳಿ ಟೋಪಿಯೂ ಕಂಡಂತಾಯಿತು. ಮಲಂಗಸಾಬ ತಲೆ ಅಲ್ಲಾಡಿಸಿದ. ಬಲಕ್ಕೆ ತಿರುಗಿ ಮಸೂತಿಯ ಹಿಂದಿನ ಸಂದಿ ಹಿಡಿದು ಓಡಿದ. ಅದು ಸುತ್ತು ದಾರಿ, ತಿಪ್ಪೆ ದಾಟಬೇಕು, ಒಡೆದ ಗೋಡೆ ಹತ್ತಿ ಇಳಿಯಬೇಕು. ಓಡುತ್ತ ಓಡುತ್ತ ತಾನು ದೊಡ್ಡದೊಂದು ತ್ಯಾಗ ಮಾಡಿದೆನೆಂದು ಅವನಿಗೆ ಅನ್ನಿಸಿತು. ಕಣ್ಣು ಒದ್ದೆಯಾಯಿತು. ಎಂಥ ಮನುಷ್ಯ ನಾನು, ಕೆಲಸ ಹೋದರೂ ಹಾಸು ಬಿಡಲಿಲ್ಲ, ಅಪ್ಪನಿದ್ದರೆ ಏನನ್ನುತ್ತಿದ್ದ. ಗೋಡೆ ಇಳಿಯುವಾಗ ಅಂಗೈ ತರಚಿತು.

ಮೈದಾನ ಮುಟ್ಟಿದಾಗ ಅವನು ಐದನೆಯವನಾಗಿದ್ದ. ಮೊದಲ ಮೂವರ ಕೊರಳಲ್ಲಿ ಹಾರ ಬಿದ್ದಾಗಿತ್ತು, ಮೂರನೆಯ ಹಾರ ಹಾಕಿಕೊಂಡವ ಕೆರೆಯ ಏರಿಯ ಮೇಲೆ ಅರಿವೆ ಕಾಯಲು ಬಂದಿರಾ ಎಂದು ಕೇಳಿದ್ದ ಹುಡುಗನೇ. ಅವನೇ ಮೊದಲು ಬಂದು ಕೈ ಹಿಡಿದು, ಭಾರಿ ಓಡಿದ್ರಿ ಚಾಚಾ ಎಂದ. ಅದರಲ್ಲಿ ಕುಹಕವೇನೂ ಇರಲಿಲ್ಲ. ಯಾರೋ ಒಂದು ಲೋಟ ಶರಬತ್ತು ಕೊಟ್ಟರು. ಅದನ್ನು ಒಂದೇ ಗುಟುಕಿಗೆ ಕುಡಿದ. ಉಳವಪ್ಪ ಮಾಸ್ತರರು ಬಂದರು. ಹೆಗಲ ಮೇಲೆ ಕೈ ಹಾಕಲಿಲ್ಲ. ಈ ವಯಸ್ಸಿಗೆ ಇಷ್ಟು ಮಾಡಿದ್ದೇ ಹೆಚ್ಚು ಎಂದರು, ಕಮಿಟಿಯವರು ಹಿಂದೆಯೇ ನಿಂತಿದ್ದರು. ಆಮೇಲೆ ದನಿ ಇಳಿಸಿ, ನಿಮ್ಮ ಓಣ್ಯಾಗ ಹಾಸು ಹಿಡದಿದ್ರಂತಲ್ಲ, ನೀ ಹೇಳಿರಲಿಲ್ಲೇನು ಎಂದು ಕೇಳಿದರು.

"ಹೇಳಿದ್ದೆರಿ" ಎಂದ ಮಲಂಗಸಾಬ. "ಹೆಣ್ಮಕ್ಕಳು ಕೇಳಲಿಲ್ಲ."

ಆ ಮಾತು ಬಾಯಿಂದ ಅಷ್ಟು ಸರಾಗವಾಗಿ ಬಂದದ್ದು ನೋಡಿ ಅವನಿಗೇ ಬೆರಗಾಯಿತು. ಮಾಸ್ತರರು ತಲೆದೂಗಿ, ತಿಳುವಳಿಕಿ ಇಲ್ಲದ ಮಂದಿ, ಏನ ಮಾಡೂದು ಎಂದರು. ಅವನೂ ಏನ ಮಾಡೂದು ಎಂದ. ಇಬ್ಬರೂ ಒಂದಿಷ್ಟು ಹೊತ್ತು ಆ ಹೆಂಗಸರ ಮೇಲೆ ಬೇಸರಪಟ್ಟುಕೊಂಡು ನಿಂತಿದ್ದರು. ಕೊಳದ ಕೆಲಸದ ಮಾತು ಬರಲೇ ಇಲ್ಲ. ಬರಲಿ ಎಂದು ಅವನು ಕಾಯಲೂ ಇಲ್ಲ. ಖಾಜಾಸಾಬ ಲುಂಗಿ ತಂದಿದ್ದ. ಅದನ್ನು ಸುತ್ತಿಕೊಂಡು ಗಂಟು ಹಾಕಿದಾಗ ಮೈಗೆ ಬೆಚ್ಚಗೆನಿಸಿತು, ಆ ಬೆಚ್ಚಗಿನ ಸುಖಕ್ಕೆ ಅವನು ತನ್ನನ್ನೇ ಬೈದುಕೊಂಡ.

ಮನೆಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಓಣಿ ಬರಿದಾಗಿತ್ತು. ಹಾಸನ್ನು ಕಟ್ಟೆಯ ಮೇಲೆ ತಂದು ಹಾಕಿದ್ದರು. ನಡುವಿನ ಭಾಗ ಗಂಜಿ ಒಣಗಿ ಹಗ್ಗದಂತೆ ಗಟ್ಟಿಯಾಗಿತ್ತು. ದಾವಲಬಿ ಮತ್ತು ಹುಚ್ಚವ್ವ ಎದುರು ಬದುರು ಕೂತು ಉಗುರಿನಿಂದ ಒಂದೊಂದೇ ಎಳೆ ಬಿಡಿಸಲು ನೋಡುತ್ತಿದ್ದರು. ಬಿಡಿಸಲು ಹೋದಲ್ಲಿ ಎಳೆ ಹರಿಯುತ್ತಿತ್ತು. ಇದು ಬಿಡುವ ಹಾಸಲ್ಲ ಎಂದು ಮಲಂಗಸಾಬನಿಗೆ ನೋಡಿದ ಕೂಡಲೇ ತಿಳಿಯಿತು, ಅವರಿಗೂ ತಿಳಿದಿತ್ತು. ಸುಮ್ಮನೆ ಕೂಡಲಾರದೆ ಬಿಡಿಸುತ್ತಿದ್ದರು. ಒಂದು ಗಳಿಗೆ ಎತ್ತಿ ಇಳಿಸಿದ್ದರೆ ಇಷ್ಟಾಗುತ್ತಿರಲಿಲ್ಲ, ತೀಡಿ ಸರಿಮಾಡಬಹುದಿತ್ತು. ಇಷ್ಟು ಯಾಕೆ ಅಂಟಿತು ಎಂದು ಅವನು ಕೇಳಿದ. ಕೇಳಬಾರದಾಗಿತ್ತು.

ದಾವಲಬಿ ಇನ್ನೊಂದು ಎಳೆಗೆ ಉಗುರು ಹಾಕಿದಳು. ಹುಚ್ಚವ್ವ ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. ವಯಸ್ಸಾದವಳು, ಮಲಂಗಸಾಬನನ್ನು ತೊಡೆಯ ಮೇಲೆ ಆಡಿಸಿದವಳು. ಅವಳಿಗೆ ಮುಚ್ಚಿ ಮಾತಾಡಿ ರೂಢಿಯಿಲ್ಲ.

"ಇಳಸವಾ ಅಂತ ನಾ ಬಡಕೊಂಡೆ. ಇಳಸಲಿಲ್ಲ ಅಕಿ. ನೀ ಮಸೂತಿ ಹಿಂದ ಹೋಗಿದ್ದು ಎಲ್ಲಾರೂ ನೋಡಿದ್ವಿ. ಇಲ್ಲ, ತಿರಗಿ ಬರ್ತಾರ, ತಿರಗಿ ಬರ್ತಾರ ಅಂತ ಬಿದಿರ ಹಿಡಕೊಂಡು ನಿಂತs ಬಿಟ್ಲು. ನಿನ್ನ ಹಿಂದಿನ ಹುಡುಗರು ಬಂದ್ರಲ್ಲ, ಅವರು ಅಕಿ ಎತ್ತಿದ ಸಂದ್ಯಾಗs ಹಾದು ಹೋದ್ರು."

ಅಷ್ಟು ಹೇಳಿ ಅವಳು ತನ್ನ ಮನೆಗೆ ಹೋದಳು. ಮಲಂಗಸಾಬ ಕಟ್ಟೆಯ ಮೆಟ್ಟಿಲ ಮೇಲೆ ಕೂತ. ಮೂರನೆಯ ಹಾರ ಹಾಕಿಕೊಂಡ ಹುಡುಗ ದಾವಲಬಿಯ ತೋಳಿನ ಕೆಳಗೆ ಹಾದು ಹೋಗಿದ್ದ. ಹೋಗುವಾಗ ಅವಳ ಮುಖ ನೋಡಿದ್ದನೋ ಇಲ್ಲವೋ. ಅವಳು ಬಿದಿರು ಎತ್ತಿ ನಿಂತು, ಸಂದಿಯ ಕಡೆ ಕಣ್ಣಿಟ್ಟು, ಕೈ ಸೋತು ತೋಳು ನಡುಗಿದರೂ ನಿಂತಿರುವಾಗ ತಾನು ಅತ್ತ ತಿಪ್ಪೆ ದಾಟುತ್ತ ತನ್ನ ತ್ಯಾಗಕ್ಕೆ ತಾನೇ ಕಣ್ಣೀರು ತುಂಬಿಕೊಳ್ಳುತ್ತಿದ್ದ.

ದಾವಲಬಿ ಎಳೆ ಬಿಡಿಸುತ್ತಲೇ, ತಲೆ ಎತ್ತದೆ ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆ ಇತ್ತು.

"ನಾ ಎತ್ತಿ ಹಿಡದಿದ್ನಲ್ಲ. ಯಾಕ ಬರಲಿಲ್ಲ?"

ಉತ್ತರ ಅವನಿಗೆ ಗೊತ್ತಿತ್ತು. ಚಕ್ಕಡಿಯ ಮುದುಕ ಅಮಾಸಿ ಎಂದಾಗ ಎದೆಯಲ್ಲಿ ಸಡಿಲಾದದ್ದು ಏನೆಂದು ಈಗ ತಿಳಿದಿತ್ತು. ಅದು ಸಂತೋಷ. ಓಣಿಯಲ್ಲಿ ಹಾಸು ಇರುತ್ತದೆ, ದಾರಿ ಕಟ್ಟಿರುತ್ತದೆ, ತಾನು ಸೋಲಬಹುದು, ಸೋತರೂ ತನ್ನ ತಪ್ಪಲ್ಲ ಎಂಬ ಸಂತೋಷ. ಗೆದ್ದರೆ ಆ ಸ್ಟೂಲಿನ ಮೇಲೆ ಕೂಡಬೇಕಾಗಿತ್ತು, ಬಿಳಿ ಕಾಲು ತೋರಿಸುತ್ತ, ದಿನಾ, ಹುಡುಗರೆದುರಿಗೆ. ನೀರಲ್ಲಿ ಒಬ್ಬ ಮುಳುಗಿದರೆ ಎಲ್ಲರೂ ತನ್ನತ್ತ ತಿರುಗಿ ನೋಡುತ್ತಿದ್ದರು. ಕುಣಿಯೊಳಗೆ ಯಾರೂ ನೋಡುವುದಿಲ್ಲ. ಮೂರನೆಯವನಾಗಿ ಓಡುತ್ತಿರುವಾಗ ಅವನು ಹೆದರಿದ್ದು ಹಿಂದೆ ಬರುವವರಿಗಲ್ಲ. ಹಾಸು ಕಂಡು ಕಾಲು ನಿಂತಾಗ ಮನಸ್ಸು ಕೈಮುಗಿದಿತ್ತು. ಅದನ್ನು ಎತ್ತಿದವಳ ಮೇಲೆ, ಆ ಒಂದು ಗಳಿಗೆ, ದ್ವೇಷ ಬಂದಿತ್ತು. ಇದನ್ನು ಹೇಳಬೇಕು. ಈಗ ಹೇಳಿದರೆ ಹೇಳಿದಂತೆ, ಇಲ್ಲದಿದ್ದರೆ ಸಾಯುವವರೆಗೂ ಇಲ್ಲ.

"ಹಾಸು ಹಾಳಾಕ್ಕಿತ್ತಲ್ಲ" ಎಂದ.

ಅವಳ ಕೈ ನಿಂತಿತು. ಮಡಿಲಲ್ಲಿದ್ದ ಹರಿದ ಎಳೆಗಳನ್ನು ನೋಡಿದಳು, ಆಮೇಲೆ ಅವನನ್ನು. ಅವಳ ಕಣ್ಣುಗಳು ತುಂಬಿ ಬಂದವು. ಅವನು ಹೇಳಿದ್ದನ್ನು ಅವಳು ಪೂರ್ತಿ ನಂಬಿದ್ದಳು.

"ಹೌದ್ರಿ" ಎಂದಳು. "ನಂದs ತಪ್ಪು. ನೀವು ಹಾಸು ಉಳಸಾಕ ಸುತ್ತು ಹಾಕಿ ಹೋದ್ರಿ. ನಾನs ಎತ್ತಿ ಹಾಳ ಮಾಡಿದೆ."

ಮಲಂಗಸಾಬ ಅಲ್ಲ ಎನ್ನಲಿಲ್ಲ.